ಪ್ರತಿಕ್ರಿಯೆ: 1:87ರಲ್ಲಿ ನನ್ನ ಮೊದಲ ಬೇಡಿಕೆ ಕೆ-36

ನಮಸ್ಕಾರ. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆಯ ಮೂರಡಿ ಗೇಜ್ (ಹಳಿಗಳ ನಡುವಿನ ಅಂತರ) ಮಾರ್ಗವನ್ನು 1:87 ಅಳತೆಯ ಮಾದರಿಯಾಗಿ, ಅಂದರೆ 10.5 ಮಿ.ಮೀ. ಅಂತರದ ಹಳಿಯ ಮೇಲೆ ಕಟ್ಟುತ್ತಿರುವ ತಾವು, ತಯಾರಕರಿಂದ ಯಾವ ಹೊಸ ಮಾದರಿಯನ್ನು ಕೇಳಬೇಕೆಂದು ವಿಚಾರಿಸಿದ್ದೀರಿ. ನನ್ನ ಮೊದಲ ಆಯ್ಕೆ ಆ ಮಾರ್ಗದ ಕೆ-36 ವರ್ಗದ ಉಗಿ ಎಂಜಿನ್. ಬಾಲ್ಡ್‌ವಿನ್ ಕಾರ್ಖಾನೆ 1925ರಲ್ಲಿ ತಯಾರಿಸಿದ ಈ ವರ್ಗದ ಹತ್ತು ಎಂಜಿನುಗಳಲ್ಲಿ ಒಂಬತ್ತು ಇಂದಿಗೂ ಉಳಿದಿರುವುದರಿಂದ, ಪ್ರತಿಯೊಂದು ಕೊಳವೆ, ಕವಾಟವನ್ನೂ ಮೂಲದಿಂದಲೇ ಅಳೆದು ನಿಖರವಾಗಿ ರೂಪಿಸಲು ಸಾಧ್ಯವಿದೆ. ಚೌಕಟ್ಟು ಚಕ್ರಗಳ ಹೊರಗಿದ್ದು, ಅದರಾಚೆ ಕ್ರ್ಯಾಂಕುಗಳು ತೂಗುತ್ತ ತಿರುಗುವ ನೋಟಕ್ಕೆ ಸಾಟಿಯಿಲ್ಲ. ಹಿತ್ತಾಳೆಯ ದುಬಾರಿ ಮಾದರಿಗಳಲ್ಲಷ್ಟೇ ಅದು ಉಳಿಯಬಾರದು.

ಎಂಜಿನ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. 1950ರ ದಶಕದಲ್ಲಿ ನ್ಯೂ ಮೆಕ್ಸಿಕೊದ ಫಾರ್ಮಿಂಗ್ಟನ್‌ಗೆ ಉದ್ದನೆಯ ಉಕ್ಕಿನ ಕೊಳವೆಗಳನ್ನು ಸಾಗಿಸಿದ ತೆರೆದ ಗಾಡಿಗಳನ್ನೂ ಕೊಳವೆಗಳ ಹೊರೆಯ ಸಮೇತ ಪಟ್ಟಿಗೆ ಸೇರಿಸಿ, ಏಕೆಂದರೆ ಕೆ-36ರ ಹಿಂದೆ ಅವೇ ಸಹಜವಾಗಿ ಒಪ್ಪುತ್ತವೆ.