8 ತಿಂಗಳ ತಮ್ಮನಿಗೆ ಆಟಿಕೆ ಕೊಡಲು ಒಪ್ಪದ 6 ವರ್ಷದ ಮಗಳಿಗೆ ಹಂಚಿಕೊಳ್ಳುವುದನ್ನು ಕಲಿಸುವುದು ಹೇಗೆ?

ಕಲಿಸಬೇಡಿ. ತಮ್ಮನ ವಿಷಯದಲ್ಲಂತೂ ಈಗ ಬೇಡವೇ ಬೇಡ.

"ಮೊದಲು ತಮ್ಮನನ್ನು ಮುದ್ದಾಡುತ್ತಿದ್ದಳು, ಅವನು ಅಂಬೆಗಾಲಿಡೋಕೆ ಶುರು ಮಾಡಿದ ಮೇಲೆ ಸ್ವಾರ್ಥಿ ಆಗಿದ್ದಾಳೆ, ಎಲ್ಲಾ ಬಚ್ಚಿಡ್ತಾಳೆ" ಅಂತ ಬರೆದಿದ್ದೀರಲ್ಲ, ಆ 'ಬಚ್ಚಿಡ್ತಾಳೆ' ಅನ್ನೋ ಮಾತು ಓದಿ ನನ್ನ ಎದೆ ಧಸಕ್ಕೆಂದಿತು. ಬೆಳಗ್ಗೆ ಬರೆದರಾಯಿತು ಅಂತ ಬಿಡಲು ಆಗಲಿಲ್ಲ. ಮಕ್ಕಳು ಮಲಗಿದ ಮೇಲೆ ಕೂತು ಬರೆಯುತ್ತಿದ್ದೇನೆ.

ನನಗೆ ಮೂವರು. ಇದು ನಡೆದಾಗ ದೊಡ್ಡವನಿಗೆ 7 ವರ್ಷ, ನಡುವಿನವಳಿಗೆ 4, ಪಾಪುಗೆ 9 ತಿಂಗಳು. ಪಾಪು ಮಲಗಿಸಿದ ಕಡೆಯೇ ಮಲಗಿರುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ. ದೊಡ್ಡವನು ಶಾಲೆಯಿಂದ ಬಂದವನೇ ಬ್ಯಾಗ್ ಬಿಸಾಕಿ ಅವಳ ಪಾದಕ್ಕೆ ಮುತ್ತು ಕೊಡುತ್ತಿದ್ದ. ಎಂಥಾ ಒಳ್ಳೇ ಅಣ್ಣ ಅಂತ ಬಂದವರೆಲ್ಲ ಹೊಗಳುವವರೇ. 6 ತಿಂಗಳು ದಾಟಿ ಅವಳು ಕೂತಳು, 8ಕ್ಕೆ ಅಂಬೆಗಾಲು ಬಂತು, ಅಲ್ಲಿಗೆ ಮನೆಯ ನೆಲವೆಲ್ಲ ಅವಳದಾಯಿತು. ದೊಡ್ಡವನು ಆಡುತ್ತಿದ್ದದ್ದೂ ಅದೇ ನೆಲದ ಮೇಲೆ.

ಅವನ ಹತ್ತಿರ ಒಂದು ಕಾರು ಕಟ್ಟುವ ಸೆಟ್ ಇತ್ತು. ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ, ಕೊನೆಗೆ ಬೆರಳ ತುದಿಯಷ್ಟು ದೊಡ್ಡ ಕಪ್ಪು ಚಕ್ರಗಳನ್ನು ಸಿಕ್ಕಿಸಬೇಕು. ಒಂದು ಕಾರಿಗೆ ಅವನು ಅರ್ಧ ದಿನ ಕೂರುತ್ತಿದ್ದ, ನಾಲಿಗೆ ಸ್ವಲ್ಪ ಹೊರಗೆ ಚಾಚಿ, ಉಸಿರು ಬಿಗಿಹಿಡಿದು. ಪಾಪು ದಡದಡ ಅಂತ ಬಂದು ಒಂದೇ ಏಟಿಗೆ ಕೆಡವುತ್ತಿದ್ದಳು. ಅವನು ಕಿರುಚುತ್ತಿದ್ದ, ಅವಳು ಬೆಚ್ಚಿಬಿದ್ದು ಅಳುತ್ತಿದ್ದಳು, ನಾನು ಅಡುಗೆಮನೆಯಿಂದ ಓಡಿ ಬಂದು ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ: "ಪಾಪು ಅಲ್ವೇನೋ, ಕೊಡು. ನೀನು ದೊಡ್ಡವನು."

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಇದು ತಪ್ಪು ಅಂತ ಕಾಣುವುದೇ ಇಲ್ಲ. ಒಳ್ಳೆಯ ಬುದ್ಧಿ ಕಲಿಸುವ ಹಾಗೆ ಕಾಣುತ್ತದೆ.

ಹಂಚಿಕೊಳ್ಳುವುದು ಅಂದರೆ ನಾನು ಕೊಡುತ್ತೇನೆ, ನೀನು ಆಮೇಲೆ ವಾಪಸ್ ಕೊಡುತ್ತೀಯ ಅನ್ನುವ ಭರವಸೆ. ಸರದಿ ಅಂದರೇನು ಅಂತ ಇಬ್ಬರಿಗೂ ಗೊತ್ತಿರಬೇಕು. 9 ತಿಂಗಳ ಮಗುವಿಗೆ ನಂದು ನಿಂದು ತಿಳಿಯದು, ಕಾಯುವುದು ತಿಳಿಯದು, ಸಿಕ್ಕಿದ್ದನ್ನು ಬಾಯಿಗಿಡುವುದೊಂದೇ ಗೊತ್ತು. ಅದು ಮಗುವಿನ ತಪ್ಪಲ್ಲ, ಆ ವಯಸ್ಸಿನಲ್ಲಿ ಮಕ್ಕಳು ವಸ್ತುಗಳನ್ನು ತಿಳಿದುಕೊಳ್ಳುವುದೇ ಬಾಯಿಂದ. ಹಾಗಾದರೆ ದೊಡ್ಡವನಿಗೆ ನಾನು ಕಲಿಸಿದ್ದೇನು? ಅವನು ಕಟ್ಟಿದ್ದು ಯಾವಾಗ ಬೇಕಾದರೂ ಹೋಗಬಹುದು, ಅದನ್ನು ಕಿತ್ತುಕೊಳ್ಳುವುದು ಪಾಪು ಅಲ್ಲ, ಅಮ್ಮ. ಅವನಿಗೆ ಅರ್ಥವಾದದ್ದು ಅಷ್ಟೇ. ಅವಳು ಕೆಡವಿದಾಗ ಅವನಿಗೆ ಸಿಟ್ಟು ಬರುತ್ತಿತ್ತು. ನಾನು ಅವನ ಕೈಯಿಂದ ತೆಗೆದು ಅವಳ ಕೈಗೆ ಕೊಟ್ಟಾಗ ಅವನು ಸುಮ್ಮನಾಗಿಬಿಡುತ್ತಿದ್ದ. ಒಪ್ಪಿಕೊಂಡ, ಬುದ್ಧಿ ಬಂತು ಅಂದುಕೊಂಡೆ. ಎರಡು ವಾರ ಮನೆ ಶಾಂತವಾಗಿತ್ತು. ಕಾರಿನ ಸೆಟ್ ನೆಲದ ಮೇಲೆ ಕಾಣಿಸುತ್ತಲೇ ಇರಲಿಲ್ಲ. ಬೇಸರ ಬಂದಿರಬೇಕು, ಮಕ್ಕಳಿಗೆ ಅದೆಲ್ಲ ಎಷ್ಟು ದಿನ ಅಂದುಕೊಂಡು ಖುಷಿಪಟ್ಟೆ.

ಅವನಿಗೆ ಬೇಸರ ಬಂದಿರಲಿಲ್ಲ. ತನ್ನ ಹಳೇ ಸಾಕ್ಸ್ ಒಂದರೊಳಗೆ ಚಕ್ರಗಳನ್ನೆಲ್ಲ ತುಂಬಿ ಮಂಚದ ಕೆಳಗೆ, ಗೋಡೆಯ ಪಕ್ಕಕ್ಕೆ ತಳ್ಳಿದ್ದ. ನನ್ನ ಕಣ್ಣಿಗೆ ಬೀಳದ ಜಾಗ ಅದು. ಅಂಬೆಗಾಲಿಡುವ ಮಗುವಿನ ಕಣ್ಣಿಗೆ ಮೊದಲು ಬೀಳುವ ಜಾಗವೂ ಅದೇ.

ಆವತ್ತು ಭಾನುವಾರ ಮಧ್ಯಾಹ್ನ. ನಾನು ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದೆ, ಪಾಪು ಕೆಳಗೆ ಆಡುತ್ತಿದ್ದಳು. ಗುಳುಗುಳು ಸದ್ದು ಬರುತ್ತಿತ್ತು, ನಿಂತಿತು. ಸದ್ದು ನಿಂತಿದ್ದಕ್ಕೇ ಬಗ್ಗಿ ನೋಡಿದೆ. ಬಾಯಿ ತೆರೆದಿದೆ, ಕಣ್ಣು ದೊಡ್ಡದಾಗಿದೆ, ಅಳು ಇಲ್ಲ, ಕೆಮ್ಮಿಲ್ಲ. ಪಕ್ಕದಲ್ಲಿ ಸಾಕ್ಸ್, ಸುತ್ತ ಕಪ್ಪು ಚಕ್ರಗಳು. ಗಂಟಲಲ್ಲಿ ಸಿಕ್ಕಿದರೆ ಮಗು ಕೆಮ್ಮಿ ಕಿರುಚಿ ಗೊತ್ತುಮಾಡುತ್ತದೆ ಅಂತ ನಾನು ನಂಬಿದ್ದೆ. ಪೂರ್ತಿ ಕಟ್ಟಿಕೊಂಡರೆ ಸದ್ದೇ ಇರುವುದಿಲ್ಲ.

ಹೆರಿಗೆಗೆ ಮುಂಚೆ ಒಂದು ತರಗತಿಗೆ ಹೋಗಿದ್ದೆ, ಅಲ್ಲಿ ಗೊಂಬೆಯ ಮೇಲೆ ಮಾಡಿಸಿದ್ದು ಕೈಗೆ ನೆನಪಿತ್ತು. ಮುಂಗೈ ಮೇಲೆ ಬೋರಲು ಹಾಕಿಕೊಂಡು, ತಲೆ ಎದೆಗಿಂತ ಕೆಳಗಿರುವ ಹಾಗೆ ದವಡೆ ಹಿಡಿದು, ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ 5 ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ 5 ಸಲ ಒತ್ತಬೇಕು, ಮತ್ತೆ ಬೆನ್ನಿಗೆ ಏಟು, ಹೊರಗೆ ಬರುವ ತನಕ ಹೀಗೇ, ಅಷ್ಟರಲ್ಲಿ ಇನ್ನೊಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡಬೇಕು. ಇದು 1 ವರ್ಷದೊಳಗಿನ ಮಕ್ಕಳಿಗೆ. ಮಗು ಪ್ರಜ್ಞೆ ತಪ್ಪಿದರೆ ಏಟು ಬಿಟ್ಟು ಸಿಪಿಆರ್, ಅಂದರೆ ಎದೆ ಒತ್ತುತ್ತಾ ಬಾಯಿಂದ ಉಸಿರು ಕೊಡುವುದನ್ನು, ಶುರು ಮಾಡಬೇಕು. ನನ್ನ ಗಂಡ ಓಡಿ ಬಂದು ಅವಳ ಬಾಯಿಗೆ ಬೆರಳು ಹಾಕಲು ಹೊರಟರು, ನಾನು ಅವರ ಕೈ ತಳ್ಳಿದೆ. ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ತಡಕಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮೂರನೇ ಏಟೋ ನಾಲ್ಕನೆಯದೋ, ಚಕ್ರ ಟಪ್ ಅಂತ ನೆಲಕ್ಕೆ ಬಿತ್ತು. ಆಮೇಲೆ ಅವಳು ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಬೆನ್ನಿಗೆ ಏಟು ಕೊಟ್ಟ ಮೇಲೆ ತೋರಿಸಲೇಬೇಕು.

ವಾಪಸ್ ಬಂದಾಗ ದೊಡ್ಡವನು ಬಾಗಿಲ ಸಂದಿಯಲ್ಲಿ ನಿಂತಿದ್ದ. ನಾನು ಬಾಯಿ ತೆಗೆಯುವ ಮುಂಚೆಯೇ ಅವನೇ ಹೇಳಿದ: "ಅಮ್ಮ, ನೀನು ಅವಳಿಗೆ ಕೊಟ್ಬಿಡ್ತೀಯ ಅಂತ ಬಚ್ಚಿಟ್ಟಿದ್ದೆ. ಅವಳಿಗೆ ಹೀಗಾಗ್ಲಿ ಅಂತಲ್ಲ." 7 ವರ್ಷದ ಹುಡುಗ, ಎರಡು ಕೈಯಲ್ಲೂ ಅಂಗಿಯ ಚುಂಗು ಹಿಂಡುತ್ತಾ. ತಂಗಿಯನ್ನು ತಾನೇ ಕೊಂದುಬಿಡುತ್ತಿದ್ದೆ ಅಂತ ಅವನು ಆ ಎರಡು ಗಂಟೆ ಒಬ್ಬನೇ ಅಂದುಕೊಂಡಿದ್ದ. ಆ ಎರಡು ಗಂಟೆಯ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ.

ಅವತ್ತು ಅವನಿಗೆ ಹೇಳಿದೆ: ಇದು ನಿನ್ನ ತಪ್ಪಲ್ಲ ಕಂದಾ, ನಿನ್ನ ಸಾಮಾನಿಗೆ ಜಾಗ ಮಾಡಿಕೊಡಬೇಕಿದ್ದವಳು ನಾನು. ಒಂದು ಸಲ ಹೇಳಿದರೆ ಸಾಲಲಿಲ್ಲ, ವಾರಗಟ್ಟಲೆ ಹೇಳಬೇಕಾಯಿತು.

ನಿಮ್ಮ ಮಗಳಿಗೆ ಹಂಚಿಕೊಳ್ಳುವ ಕಥೆ ಓದಿಸಬೇಕೋ, ನಕ್ಷತ್ರದ ಸ್ಟಿಕ್ಕರ್ ಕೊಡಬೇಕೋ ಅಂತ ಕೇಳಿದ್ದೀರಿ. ಎರಡೂ ಬೇಡ. ಅವಳ ವಸ್ತು ಅವಳದು ಅನ್ನುವುದು ಮೊದಲು ಗಟ್ಟಿಯಾಗಲಿ. ತನ್ನದು ಅನ್ನುವುದೇ ಇಲ್ಲದವರು ಕೊಡುವುದು ಎಲ್ಲಿಂದ?

ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಇಷ್ಟು. ಪಾಪುವಿಗೆಂದು ತಂದಿದ್ದ ಆಟದ ಬೇಲಿ ಇತ್ತಲ್ಲ, ಅದನ್ನು ದೊಡ್ಡವನಿಗೆ ಕೊಟ್ಟೆವು. ಅವನು ಬೇಲಿಯ ಒಳಗೆ ತನ್ನ ಸೆಟ್ ಇಟ್ಟುಕೊಂಡು ಕೂರುವುದು, ಪಾಪು ಹೊರಗೆ ಓಡಾಡಿಕೊಂಡಿರುವುದು. ಅವಳು ಕಂಬಿ ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಒಳಗಿನಿಂದ ಅವಳಿಗೆ ಕಥೆ ಹೇಳಲು ಶುರು ಮಾಡಿದ್ದೂ ಆಗಲೇ. ಬೇಲಿ ಇಲ್ಲದವರಿಗೆ ಎತ್ತರದ ಮೇಜೂ ಆದೀತು, ಆದರೆ ಪಾಪು ಹಿಡಿದು ನಿಲ್ಲಲು ಕಲಿತ ಮೇಲೆ ಮೇಜಿನ ಅಂಚೂ ಅವಳ ಕೈಗೆ ಎಟುಕುತ್ತದೆ. ಅದಕ್ಕೇ ನಾನು ಬೇಲಿಯ ಕಡೆ.

ಆಮೇಲೆ ಮುಚ್ಚಳವಿರುವ ಒಂದು ಡಬ್ಬ, ಎತ್ತರದ ಕಪಾಟಿನಲ್ಲಿ. ಅವನನ್ನು ಕೇಳದೆ ಯಾರೂ ಅದನ್ನು ತೆಗೆಯುವ ಹಾಗಿಲ್ಲ, ನಾನೂ ಇಲ್ಲ, ಅವನ ಅಪ್ಪನೂ ಇಲ್ಲ. ಮೊದಮೊದಲು ಅವನು ನಂಬಲಿಲ್ಲ, ದಿನಾ ಎಣಿಸಿ ನೋಡುತ್ತಿದ್ದ. ಎಣಿಸುವುದು ನಿಲ್ಲಲು ತಿಂಗಳೇ ಹಿಡಿಯಿತು. ಡಬ್ಬಕ್ಕೆ ಹೋಗುವುದು ಯಾವುದು ಅಂತ ನಿರ್ಧರಿಸಲು ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಇಟ್ಟುಕೊಂಡೆವು. ಅದರೊಳಗೆ ತೂರುವುದೆಲ್ಲ ಡಬ್ಬಕ್ಕೆ. ಅಳೆಯುವ ಕೆಲಸ ಅವನದೇ. ಮನೆಯೆಲ್ಲ ಸುತ್ತಿ ಪೆನ್ನಿನ ಮುಚ್ಚಳ, ನಾಣ್ಯ, ನನ್ನ ಕಿವಿಯೋಲೆಯ ತಿರುಪು ಎಲ್ಲ ತಂದು ಹಾಕಿದ. ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಮತ್ತು ಪುಟ್ಟ ಆಯಸ್ಕಾಂತಗಳನ್ನು ಮಾತ್ರ ಆ ಡಬ್ಬದಲ್ಲೂ ಬಿಡಲಿಲ್ಲ, ನಾವೇ ಎತ್ತಿಟ್ಟೆವು. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗೆಲ್ಲ ಸುಟ್ಟುಹೋಗಬಹುದು. ಮಗು ಚೆನ್ನಾಗಿಯೇ ಇದೆ ಅನ್ನಿಸಿದರೂ ಕಾಯಬಾರದು, ವಾಂತಿ ಮಾಡಿಸಲೂಬಾರದು, ಸೀದಾ ಆಸ್ಪತ್ರೆಗೇ ಹೋಗಬೇಕು. ಆಯಸ್ಕಾಂತ ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಒಂದಕ್ಕೊಂದು ಕಚ್ಚಿಕೊಂಡು ತೂತು ಮಾಡಿಬಿಡಬಹುದು. ನಿಮ್ಮ ಮಗಳ ಆಟಿಕೆಗಳಲ್ಲಿ ಇವೆರಡು ಇವೆಯೋ ನೋಡಿ, ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದಿದ್ದರೆ ಆ ಆಟಿಕೆ ಮನೆಯಲ್ಲೇ ಬೇಡ.

ಇನ್ನೊಂದು, ಇದು ನನ್ನ ನಡುವಿನವಳಿಂದ ಕಲಿತದ್ದು. ಅವಳು ಆ ದಿನಗಳಲ್ಲಿ ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದಳು, ತೊದಲು ಮಾತಾಡುತ್ತಿದ್ದಳು. ಒಂದು ದಿನ ನನ್ನನ್ನು ಕೇಳಿದಳು: "ಅಮ್ಮ, ಪಾಪುಗೆ ಯಾಕೆ ಯಾರೂ 'ತಾಳು' ಅನ್ನಲ್ಲ?" ನಿಜ. ದೊಡ್ಡವರಿಬ್ಬರಿಗೆ ದಿನಕ್ಕೆ ಐವತ್ತು ಸಲ ತಾಳು, ಇರು, ಆಮೇಲೆ ಅನ್ನುತ್ತಿದ್ದೆ, ಪಾಪುಗೆ ಒಮ್ಮೆಯೂ ಇಲ್ಲ. ಅವತ್ತಿನಿಂದ ಅವರಿಗೆ ಕೇಳುವ ಹಾಗೆ ಜೋರಾಗಿ ಹೇಳಲು ಶುರು ಮಾಡಿದೆ: "ಪಾಪು, ಸ್ವಲ್ಪ ತಾಳಮ್ಮ, ಅಕ್ಕನ ಜಡೆ ಹಾಕಿ ಬರ್ತೀನಿ." ಪಾಪುಗೆ ಅರ್ಥವಾಗಬೇಕಿರಲಿಲ್ಲ, ಅರ್ಧ ನಿಮಿಷ ಅತ್ತರೆ ಅವಳಿಗೇನೂ ಆಗುತ್ತಿರಲಿಲ್ಲ. ಆದರೆ ಅಕ್ಕ ಆ ಮಾತು ಕೇಳಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ರೀತಿಯನ್ನು ನಾನು ಕನ್ನಡಿಯಲ್ಲಿ ನೋಡಿದೆ. ಹಾಸಿಗೆ ಒಣಗಿದ್ದು ಅದೇ ದಿನದಿಂದ ಅಂತ ಹೇಳಲಾರೆ, ನಿಧಾನವಾಗಿ ನಿಂತಿತು.

'ನೀನು ದೊಡ್ಡವಳು' ಅನ್ನುವ ಮಾತನ್ನು ದಯವಿಟ್ಟು ಕಿತ್ತುಕೊಳ್ಳುವ ಹೊತ್ತಿಗೆ ಬಳಸಬೇಡಿ. ತಮ್ಮನಿಗಿಂತ ಅರ್ಧ ಗಂಟೆ ಹೆಚ್ಚು ಎಚ್ಚರವಿರಲು ಬಿಡುವಾಗ ಹೇಳಿ, ಅವನು ಮಲಗಿದ ಮೇಲೆ ಇಬ್ಬರೇ ಕೂತು ಅವಳ ಆಟ ಆಡುವಾಗ ಹೇಳಿ. 6 ವರ್ಷ ಅಂದರೆ ದೊಡ್ಡ ವಯಸ್ಸೇನಲ್ಲ. ನಿಮ್ಮ ಎರಡನೆಯದು 6 ವರ್ಷಕ್ಕೆ ಬಂದಾಗ ನೋಡಿ, ಎಷ್ಟು ಚಿಕ್ಕದು ಅನ್ನಿಸುತ್ತದೆ.

ಉಳಿದದ್ದು ನಾಳೆಗಿರಲಿ. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಒಂದು ಟಾರ್ಚ್ ಹಿಡಿದು, ನೆಲಕ್ಕೆ ಎದೆಯೂರಿ ಮಲಗಿ, ನಿಮ್ಮ ಮಗ ನೋಡುವ ಎತ್ತರದಿಂದ ಮನೆಯೆಲ್ಲ ನೋಡಿ. ಮಂಚದ ಕೆಳಗೆ, ಸೋಫಾದ ಹಿಂದೆ, ಪರದೆಯ ಬುಡದಲ್ಲಿ, ಚಪ್ಪಲಿಗಳ ಒಳಗೂ. ಅವಳು ಬಚ್ಚಿಟ್ಟದ್ದು ಸಿಕ್ಕರೆ ಎತ್ತಿ ಜೋಪಾನ ಮಾಡಿ. ಬೆಳಗ್ಗೆ ಅವಳನ್ನು ಬೈಯದೆ, ಒಂದು ಖಾಲಿ ಡಬ್ಬದ ಜೊತೆ ಅದನ್ನು ಅವಳ ಕೈಗೇ ಕೊಡಿ.