ಕಾರು ತಗ್ಗಿಸಿದರೆ ಅಮ್ಮನ ಬೆನ್ನಿನ ಗತಿ ಏನು?

ಪ್ರಶ್ನೆ: ನನ್ನದು 2019ರ ಸ್ವಿಫ್ಟ್ ಪೆಟ್ರೋಲ್, 185/65 ಆರ್15 ಟೈರ್. ಮೈಸೂರಿನಲ್ಲಿ ಕೆಲಸ. ವಾರಕ್ಕೊಮ್ಮೆ ಹುಣಸೂರು, ತಿತಿಮತಿ, ಗೋಣಿಕೊಪ್ಪ ದಾರಿಯಾಗಿ ಪೊನ್ನಂಪೇಟೆ ಹತ್ತಿರದ ಮನೆಗೆ ಬರುತ್ತೇನೆ. ತಿರುವುಗಳಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ನೋಡೋಕೂ ಸ್ವಲ್ಪ ಎತ್ತರ ಅನ್ನಿಸುತ್ತದೆ. 40 ಎಂಎಂ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸೋಣ ಅಂತಿದ್ದೇನೆ. ಆದರೆ ಅಮ್ಮನನ್ನು ಆಗಾಗ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅವರಿಗೆ ಬೆನ್ನುನೋವು, ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಎರಡೂ ಸಾಧ್ಯವಾ ಸರ್? (ಪೊನ್ನಂಪೇಟೆಯ ಓದುಗರು)

ಉತ್ತರ: 40 ಎಂಎಂ ಬೇಡ. ನೀವು ಹೇಳಿದ ದಾರಿಗೂ ಬೇಡ, ನಿಮ್ಮ ಅಮ್ಮನಿಗೂ ಬೇಡ. ಆದರೆ ವಾಲುವುದನ್ನು ಕಡಿಮೆ ಮಾಡಬೇಕು ಅನ್ನುವ ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಅದಕ್ಕೆ ಬೇರೆ ದಾರಿ ಇದೆ.

ಲೋವರಿಂಗ್ ಸ್ಪ್ರಿಂಗ್ ಗಟ್ಟಿ ಇರುತ್ತದೆ, ಅದಕ್ಕೇ ಕುಲುಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಸ್ಪ್ರಿಂಗ್ ಸ್ವಲ್ಪ ಗಟ್ಟಿಯಾದರೆ ಬೆನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳಲಾರದ್ದು ಸಸ್ಪೆನ್ಷನ್‌ಗೆ, ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ಪೆಟ್ಟು ನುಂಗುವ ವ್ಯವಸ್ಥೆಗೆ, ಆಡಲು ಜಾಗವೇ ಇಲ್ಲದಿರುವುದು. ಚಕ್ರ ಮೇಲೆ ಬರುವಾಗ ಕೊನೆಗೆ ಬಂಪ್ ಸ್ಟಾಪ್ ಅನ್ನುವ ರಬ್ಬರ್ ತುಂಡಿಗೆ ತಾಗುತ್ತದೆ. ಅಲ್ಲಿಂದಾಚೆ ಸ್ಪ್ರಿಂಗ್‌ಗೆ ಆಡಲು ಹೆಚ್ಚು ಜಾಗ ಉಳಿಯುವುದಿಲ್ಲ. ರಸ್ತೆಯ ಪೆಟ್ಟು ನೇರ ಬಾಡಿಗೆ, ಬಾಡಿಯಿಂದ ಸೀಟಿಗೆ. ಲೆಕ್ಕಕ್ಕೆ, ಬಂಪ್ ಸ್ಟಾಪ್‌ವರೆಗೆ 80 ಎಂಎಂ ಜಾಗ ಇದೆ ಅಂತಿಟ್ಟುಕೊಳ್ಳಿ. ನೀವು 40 ತಗ್ಗಿಸಿದಿರಿ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಇನ್ನೊಂದು 25 ಹೋಯಿತು. ಉಳಿದದ್ದು 15. ಒಂದು ಸಣ್ಣ ಗುಂಡಿಗೇ ಅದು ಮುಗಿಯುತ್ತದೆ.

ಸಾಮಾನ್ಯ ಕಾರಿನ ಬಾಡಿ ಸೆಕೆಂಡಿಗೆ ಒಂದು, ಒಂದೂವರೆ ಸಲದಷ್ಟು ನಿಧಾನವಾಗಿ ಮೇಲೆ ಕೆಳಗೆ ಆಡುವ ಹಾಗೆ ಸ್ಪ್ರಿಂಗ್ ಆರಿಸಿರುತ್ತಾರೆ. ನಡೆಯುವಾಗಿನ ಅಲುಗಾಟಕ್ಕೆ ಅದು ಹತ್ತಿರ, ಅದಕ್ಕೇ ಮೈಗೆ ಒಗ್ಗುತ್ತದೆ. ಕೂತವರ ಬೆನ್ನುಮೂಳೆಗೆ ಜಾಸ್ತಿ ತೊಂದರೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಅಲುಗಾಟ. ಬಂಪ್ ಸ್ಟಾಪ್‌ಗೆ ಪದೇ ಪದೇ ಬಡಿಯುವ ಗಾಡಿಯಲ್ಲಿ ಇಂಥ ಒರಟು ಅಲುಗಾಟವೇ ಹೆಚ್ಚುತ್ತದೆ. ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಹಿಂದಿನ ಚಕ್ರಗಳಿಗೆ ಬಹಳ ಹತ್ತಿರ. ಹಾಗಾಗಿ ಅಲ್ಲಿ ಪೆಟ್ಟು ಜಾಸ್ತಿ. ನೀವು ಏನೇ ಹಾಕಿಸಿ, ಹಾಕಿಸದಿರಿ, ಮುಂದಿನ ಸಲದಿಂದ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಅದು ಎರಡು ಆಕ್ಸಲ್‌ಗಳ ನಡುವೆ ಬರುತ್ತದೆ, ಒರಗಿಸಿಕೊಳ್ಳಲೂ ಆಗುತ್ತದೆ. ಖರ್ಚಿಲ್ಲದ ಕೆಲಸ, ಫಲ ಅಂದೇ ಗೊತ್ತಾಗುತ್ತದೆ.

ಈಗ ಹಂಪ್ ವಿಷಯ. ನಿಮ್ಮ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಗಿರುವ ಅಂತರ) 163 ಎಂಎಂ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2450 ಎಂಎಂ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಅದರ ಮೇಲೆ ನಿಮ್ಮ ಕಾರಿನ ನಾಲ್ಕೂ ಚಕ್ರ ನಿಲ್ಲುತ್ತವೆ. ಲೆಕ್ಕ ಹಾಕಿದರೆ, ಹೊಟ್ಟೆಯ ಕಡೆ ಹಂಪ್ ಉಬ್ಬುವುದು ಬರೀ 44 ಎಂಎಂ. ತಗ್ಗಿಸಿದ ಗಾಡಿಯೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮಲ್ಲಿ ಎಷ್ಟು ಹಂಪ್ ಹಾಗಿವೆ ಹೇಳಿ? ಶಾಲೆ ಮುಂದೆ, ಲೈನ್ ಮನೆಗಳ ಹತ್ತಿರ, ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಮಾಡಿದ ಒಂದು ಮೊಳ ಅಗಲದ ದಿಣ್ಣೆಗಳೇ ಜಾಸ್ತಿ. ಅಂಥದ್ದು ಎರಡು ಚಕ್ರಗಳ ನಡುವೆ ಬಂದಾಗ ಅದರ ಪೂರ್ತಿ ಎತ್ತರ ಹೊಟ್ಟೆಗೆ ಸಿಗುತ್ತದೆ. 12 ಸೆಂಟಿಮೀಟರ್ ದಿಣ್ಣೆ, 40 ಎಂಎಂ ತಗ್ಗಿಸಿದ ಕಾರು ಅಂದರೆ ಉಳಿಯುವುದು 3 ಎಂಎಂ. ಜನ ಕೂತರೆ ಅದೂ ಇಲ್ಲ.

ಟಾರು ರಸ್ತೆ ಬಿಟ್ಟು ಮನೆಗೆ ತಿರುಗುವ ತೋಟದ ದಾರಿ ಇನ್ನೂ ಕಷ್ಟ. ಪ್ರತಿ ಮಳೆಗಾಲಕ್ಕೂ ಚಕ್ರದ ಜಾಡು ಕೊಚ್ಚಿ ಆಳವಾಗುತ್ತದೆ. ಹುಲ್ಲು ಬೇರು ಬಿಟ್ಟ ನಡುವಿನ ದಿಣ್ಣೆ ಹಾಗೇ ಉಳಿಯುತ್ತದೆ. ಜೂನ್‌ನಲ್ಲಿ ಆರಾಮಾಗಿ ಹೋದ ಗಾಡಿ ಸೆಪ್ಟೆಂಬರ್‌ನಲ್ಲಿ ತಳ ಉಜ್ಜುತ್ತದೆ. ಹುಲ್ಲಿನೊಳಗೆ ಒಂದು ಕಲ್ಲು ಅಡಗಿದ್ದರೆ ಇಂಜಿನ್ ಅಡಿಯ ಆಯಿಲ್ ಚೇಂಬರ್‌ಗೆ ಪೆಟ್ಟು. ಚೇಂಬರ್ ಒಡೆದದ್ದು ಗೊತ್ತಾಗದೆ ಓಡಿಸಿದರೆ ಇಂಜಿನ್ನೇ ಹೋಗುತ್ತದೆ.

ಇನ್ನು ವಾಲುವ ವಿಷಯ. ತಗ್ಗಿಸಿದಷ್ಟೂ ವಾಲುವುದು ಕಡಿಮೆ ಅನ್ನುವುದು ಸ್ವಿಫ್ಟ್‌ನಂಥ ಕಾರಿಗೆ ಪೂರ್ತಿ ನಿಜ ಅಲ್ಲ. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ್ದು. ಕಾರಿನ ಅಡಿ ಬಗ್ಗಿ, ಚಕ್ರವನ್ನು ಕೆಳಗಡೆ ಬಾಡಿಗೆ ಜೋಡಿಸುವ ಲೋವರ್ ಆರ್ಮ್ ನೋಡಿ. ಅದು ಚಕ್ರದ ಕಡೆ ಸ್ವಲ್ಪ ಇಳಿಜಾರಾಗಿರಬೇಕು. ಜಾಸ್ತಿ ತಗ್ಗಿಸಿದರೆ ಅದು ಮಟ್ಟಸವಾಗಿ, ಆಮೇಲೆ ಚಕ್ರದ ಕಡೆ ಏರುತ್ತದೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ, ಆ ರೋಲ್ ಸೆಂಟರ್, ಬಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗಿಳಿಯುತ್ತದೆ. ಬಾಡಿಯ ಭಾರಕ್ಕೆ ಎಳೆಯಲು ಇನ್ನೂ ಉದ್ದದ ಸನ್ನೆಕೋಲು ಸಿಕ್ಕ ಹಾಗೆ. ಗಟ್ಟಿ ಸ್ಪ್ರಿಂಗ್ ಕೊಟ್ಟ ಲಾಭದಲ್ಲಿ ಒಂದು ಪಾಲನ್ನು ಇದು ತಿಂದುಹಾಕುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಈಗಿರುವ ಸಸ್ಪೆನ್ಷನ್ ಸರಿ ಇದೆಯಾ ನೋಡಿ. 2019ರ ಗಾಡಿ, ವಾರವಾರ ಕಾಡಿನ ದಾರಿ, ಘಾಟಿ, ತೋಟ. ಸ್ಪ್ರಿಂಗ್ ಕುಣಿಯದಂತೆ ಹಿಡಿದಿಡುವ ಶಾಕ್ ಅಬ್ಸಾರ್ಬರ್ ಸುಸ್ತಾಗಿರುವ ಸಾಧ್ಯತೆ ಜಾಸ್ತಿ. ಅದರ ಮೈ ಮೇಲೆ ಎಣ್ಣೆ ಇಳಿದಿದೆಯಾ, ಬಂಪ್ ಸ್ಟಾಪ್ ಪುಡಿಯಾಗಿದೆಯಾ, ಸ್ಟ್ರಟ್ ಮೌಂಟ್, ಲಿಂಕ್ ರಾಡ್, ಲೋವರ್ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್ ಸಡಿಲ ಇವೆಯಾ, ಲಿಫ್ಟ್ ಮೇಲೆ ಹಾಕಿಸಿ ಒಂದೊಂದೇ ನೋಡಿಸಿ. ತಿರುವಿನಲ್ಲಿ ಗಾಡಿ ತೇಲಿದ ಹಾಗೆ ಅನ್ನಿಸುವುದು ಎಷ್ಟೋ ಸಲ ಸ್ಪ್ರಿಂಗ್‌ನಿಂದ ಅಲ್ಲ, ಸತ್ತ ಶಾಕ್‌ನಿಂದ. ಒಳ್ಳೆ ಗ್ಯಾಸ್ ಶಾಕ್, ಹೊಸ ಬುಷ್, ಹೊಸ ಲಿಂಕ್ ರಾಡ್ ಹಾಕಿ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಸಿ ಒಂದು ತಿಂಗಳು ಓಡಿಸಿ. ಲೋವರಿಂಗ್ ಆಸೆ ಅಲ್ಲಿಗೇ ತೀರಿದರೂ ತೀರಬಹುದು.

ಬುಷ್ ಹಾಕಿಸುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಒಂದು ಮಾತು ಹೇಳಿ. ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದಮೇಲೆ ಕೊನೆಯ ಬಿಗಿತ ಕೊಡಬೇಕು. ಇಲ್ಲದಿದ್ದರೆ ಗಾಡಿ ಸುಮ್ನೆ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಸವಾರಿ ಒರಟಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಲೋವರಿಂಗ್ ಮಾಡಿಸಿದವರ ಗಾಡಿಯಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ.

ಟೈರ್ 15 ಇಂಚಿನಲ್ಲೇ ಇರಲಿ. ನಿಮ್ಮ ಟೈರಿನ ಗೋಡೆ 120 ಎಂಎಂ. 195/55 ಆರ್16ಕ್ಕೆ ಹೋದರೆ ಅದು 107. ಪೆಟ್ಟು ನುಂಗುವ ಗಾಳಿಯೇ 13 ಎಂಎಂ ಕಡಿಮೆ ಆಯಿತು. ಗಾಳಿ ಒತ್ತಡ ಗಾಡಿಯ ಸ್ಟಿಕರ್‌ನಲ್ಲಿ ಇದ್ದಷ್ಟೇ ಇರಲಿ, ಟೈರ್ ತಣ್ಣಗಿದ್ದಾಗ ನೋಡಿಸಿ.

ಇಷ್ಟಾದ ಮೇಲೂ ತಗ್ಗಿಸಲೇಬೇಕು ಅಂದರೆ 20 ಎಂಎಂ, ಹೆಚ್ಚೆಂದರೆ 25. ಸ್ಪ್ರಿಂಗ್ ಮಾತ್ರ ಅಲ್ಲ, ಅದಕ್ಕೆ ಹೊಂದುವ ಶಾಕ್ ಸಮೇತ ಸೆಟ್ ತಗೊಳ್ಳಿ. ಕಂಪನಿ ಶಾಕ್ ಕಂಪನಿ ಸ್ಪ್ರಿಂಗ್‌ಗೆ ಲೆಕ್ಕ ಹಾಕಿದ್ದು. ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಹಿಡಿದಿಡಲು ಅದಕ್ಕೆ ಆಗುವುದಿಲ್ಲ, ಗಾಡಿ ಕುಣಿಯುತ್ತದೆ. ದುಡ್ಡು ಕೊಡುವ ಮೊದಲು ಒಂದು ಅಳತೆ ಮಾಡಿ. ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ಮನೆಯವರನ್ನೆಲ್ಲ ಕೂರಿಸಿ, ಯಾವಾಗಲೂ ಒಯ್ಯುವ ಸಾಮಾನು ಹೇರಿ ಮತ್ತೆ ಅಳೆಯಿರಿ. ಹಿಂದೆ ಎಷ್ಟು ಇಳಿಯಿತು ಅನ್ನುವುದು ನಿಮಗೇ ಕಾಣುತ್ತದೆ. ಅದರ ಮೇಲೆ 25 ಕಳೆದು ಯೋಚಿಸಿ. ಕೆಲಸ ಆದ ಮೇಲೆ ಅಲೈನ್‌ಮೆಂಟ್ ಜೊತೆಗೆ ಹೆಡ್‌ಲೈಟ್ ಮಟ್ಟವನ್ನೂ ಸರಿಮಾಡಿಸಿ.

ಕಾನೂನು ಕೂಡ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಕೆಲಸ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಯಿಂದ ಲಿಖಿತ ಉತ್ತರ ತಗೊಳ್ಳಿ.

ಪ್ರಶ್ನೆ: ಸ್ವಿಫ್ಟ್ ತಗ್ಗಿಸಲು ಹೊಸ ಸ್ಪ್ರಿಂಗ್ ಯಾಕೆ, ಇರುವುದನ್ನೇ ಒಂದು ಸುತ್ತು ಕಟ್ ಮಾಡಿದರೆ ಸಾಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದಾ? (ಸೋಮವಾರಪೇಟೆಯ ಓದುಗರು)

ಉತ್ತರ: ದಯವಿಟ್ಟು ಬೇಡ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಸ್ಪ್ರಿಂಗ್ ಶೇಕಡಾ 20ರಷ್ಟು ಗಟ್ಟಿಯಾಗುತ್ತದೆ, ಅದೂ ಆಡುವ ಜಾಗ ಕಡಿಮೆಯಾದ ಮೇಲೆ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಸ್ವಿಫ್ಟ್ ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಚಕ್ರ ಗುಂಡಿಯಲ್ಲಿ ಪೂರ್ತಿ ಕೆಳಗಿಳಿದಾಗ ಗಿಡ್ಡ ಸ್ಪ್ರಿಂಗ್ ಆ ಬಟ್ಟಲಿನಿಂದ ಜಾರಬಹುದು. ಸಂಪಾಜೆ ಘಾಟಿಯ ತಿರುವಿನಲ್ಲಿ ಹಾಗಾದರೆ ಏನಾಗಬಹುದು ಅಂತ ಯೋಚಿಸಿ. ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ಇಳಿಸುವುದು ಇದಕ್ಕಿಂತ ಕೆಟ್ಟದ್ದು. ಉಕ್ಕಿನ ಹದವೇ ಹೋಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಂಡ ನನ್ನ ಸ್ವಿಫ್ಟನ್ನು ಮೊದಲಿನವರೇ ತಗ್ಗಿಸಿದ್ದಾರೆ. ಮುಂದಿನ ಎರಡೂ ಟೈರ್ ಒಳಗಡೆ ಮಾತ್ರ ಸವೆಯುತ್ತಿವೆ. (ಕುಶಾಲನಗರದ ಓದುಗರು)

ಉತ್ತರ: ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು) ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಟೈರ್ ಬೇಗ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು. ಗಾಡಿ ತಗ್ಗಿದಾಗ ಸ್ಟೇರಿಂಗ್ ಟೈ ರಾಡ್‌ನ ಕೋನ ಬದಲಾಗಿ ಟೋ ಕೆಡುತ್ತದೆ. ಮೊದಲು ಅದನ್ನು ಸರಿಮಾಡಿಸಿ, ಅಲೈನ್‌ಮೆಂಟ್ ಅಳತೆಯ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ. ಕ್ಯಾಂಬರ್ ಇನ್ನೂ ಜಾಸ್ತಿ ಇದ್ದರೆ ಸ್ಟ್ರಟ್‌ಗೆ ಕ್ಯಾಂಬರ್ ಬೋಲ್ಟ್ ಹಾಕಬಹುದು. ಆದರೆ ನನ್ನ ಸಲಹೆ, ಮೂಲ ಅಳತೆಯ ಸ್ಪ್ರಿಂಗ್ ವಾಪಸ್ ಹಾಕಿಸಿಬಿಡಿ. ಮಳೆ ಶುರುವಾಗುವ ಮೊದಲು ಮಾಡಿಸಿದರೆ ಒಳ್ಳೆಯದು. ಒಳಗಡೆ ನುಣ್ಣಗಾದ ಟೈರ್ ನೀರು ನಿಂತ ರಸ್ತೆಯಲ್ಲಿ ಹಿಡಿತ ಬಿಡುತ್ತದೆ, ಆದ್ದರಿಂದ ಆ ಎರಡು ಟೈರ್‌ಗಳನ್ನೂ ಜೊತೆಗೇ ಬದಲಿಸಿ.