ಒಂದೇ ಬೋರ್ಮಾ ಸಾಕೇ? ಸಿಮ್ಯುಲೇಷನ್ ಕೇಳಿದ ಕಾರ್ಕಳದ ಅಣ್ಣನಿಗೆ

ಅಣ್ಣ, ದಿನಕ್ಕೆ ಎರಡು ಟನ್ ಗೇರುಬೀಜದ ಘಟಕಕ್ಕೆ ಒಂದು ಬೋರ್ಮಾ (ಸಿಪ್ಪೆ ಸುಲಿಯುವ ಮೊದಲು ತಿರುಳು ಒಣಗಿಸುವ ಒಲೆ) ಸಾಕೇ, ಸಲಹೆಗಾರರು ಸಿಮ್ಯುಲೇಷನ್ (ಘಟಕದ ಕೆಲಸದ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು) ಮಾಡಿಸಿ ಎನ್ನುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಅರ್ಥವಿದೆ. ಆದರೆ ಬ್ಯಾಂಕಿಗೆ ತೋರಿಸಿ ಕಪಾಟಿನಲ್ಲಿಡುವುದಕ್ಕಾದರೆ ಆ ದುಡ್ಡಿಗೆ ಇನ್ನೊಂದು ತಕ್ಕಡಿ ಕೊಳ್ಳಿ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಎರಡು ಟನ್ ಬೀಜದಿಂದ ಸುಮಾರು 500 ಕಿಲೋ ತಿರುಳು, ಬೋರ್ಮಾಕ್ಕೆ ಒಮ್ಮೆಗೆ 250 ಕಿಲೋ, ಒಣಗಲು 7 ಗಂಟೆ, ಇಳಿಸಿ ತುಂಬಲು 1 ಗಂಟೆ. ಎರಡು ಸರದಿಗೆ 16 ಗಂಟೆ. ಕಾಗದದ ಮೇಲೆ ಒಂದು ಧಾರಾಳ ಸಾಕು. ಈಗ ಗಡಿಯಾರ ನೋಡಿ. ಬೆಳಿಗ್ಗೆ 8ಕ್ಕೆ ಕತ್ತರಿಸಲು ಕುಳಿತರೆ ಮೊದಲ ಸರದಿ 12ಕ್ಕೆ ಹತ್ತಿ ಸಂಜೆ 7ಕ್ಕೆ ಮುಗಿಯುತ್ತದೆ. ಎರಡನೆಯದು ರಾತ್ರಿ 8ಕ್ಕೆ ಹತ್ತಿದರೆ ಮುಗಿಯುವುದು ನಸುಕಿನ 3ಕ್ಕೆ. ಒಲೆ ನೋಡಿಕೊಳ್ಳುವವನು ಅಂದು ಊರ ದೈವದ ನೇಮಕ್ಕೆ ಹೋದನೆನ್ನಿ. ಎರಡನೆಯ ಸರದಿ ಮರುದಿನ 8ಕ್ಕೆ ಹತ್ತಿ 3ಕ್ಕೆ ಮುಗಿಯುತ್ತದೆ. ಆ ದಿನದ ಹೊಸ ತಿರುಳು 12ರಿಂದ 4ರವರೆಗೆ ಟ್ರೇಯಲ್ಲೇ ಕಾಯುತ್ತದೆ. ಸಿಪ್ಪೆ ತೆಗೆಯುವ ಹೆಂಗಸರಿಗೆ ಮಧ್ಯಾಹ್ನದ ಮೇಲೆ ಕೆಲಸವಿಲ್ಲ. ಗುಡುಗು ಮಳೆಗೆ ಕರೆಂಟೂ ಹೋದರೆ ಕೇಳುವುದೇ ಬೇಡ. ಸರಾಸರಿ ಲೆಕ್ಕ ಇದೊಂದನ್ನೂ ಹೇಳುವುದಿಲ್ಲ. ಮಾದರಿ ಹೇಳುತ್ತದೆ, ಅದೂ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ.

ಯಂತ್ರ ಬಿಡುವಿಲ್ಲದೆ ಓಡಬೇಕೆಂಬ ಆಸೆಯೂ ದುಬಾರಿಯೇ. ಬರುವ ಹೊತ್ತೂ ಕೆಲಸದ ಹೊತ್ತೂ ಏರುಪೇರಾಗುವ ಒಂಟಿ ಯಂತ್ರದ ಸರಳ ಸರತಿ (ಕ್ಯೂ) ಸೂತ್ರದಲ್ಲಿ, ಯಂತ್ರ ಶೇ. 80ರಷ್ಟು ಹೊತ್ತು ದುಡಿದರೆ ಅದರ ಬಳಿ ಸರಾಸರಿ 4 ಕೆಲಸಗಳಿರುತ್ತವೆ, ಶೇ. 95 ದುಡಿದರೆ 19.

ಹಾಗಾಗಿ ಎರಡನೆಯ ಬೋರ್ಮಾ, ರಾತ್ರಿಗೆ ಇನ್ನೊಬ್ಬ ಆಳು, ಒಂದು ದಿನದ ಒಣ ತಿರುಳಿನ ದಾಸ್ತಾನು, ಮೂರನ್ನೂ ಮಾದರಿಯಲ್ಲಿ ಓಡಿಸಿ ನೋಡಿ. ದಾಸ್ತಾನು ಅಗ್ಗವಾಗಿ ಕಾಣುತ್ತದೆ. ಆದರೆ ಜೋರು ಮಳೆಯ ಆಟಿಯ ತಿಂಗಳಲ್ಲಿ ಒಣಗಿದ್ದೆಲ್ಲ ಮತ್ತೆ ತೇವ ಹೀರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಅಂಕಿಗಳಿಗೆ ಯಂತ್ರದ ಕರಪತ್ರ ನಂಬಬೇಡಿ. ಪರಿಚಯದವರ ಕಾರ್ಖಾನೆಯಲ್ಲಿ ಮೊಬೈಲ್ ಗಡಿಯಾರ ಹಿಡಿದು ಕುಳಿತು, ಪ್ರತಿ ಸರದಿಯ ಹೊತ್ತನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಸರಾಸರಿಯನ್ನಲ್ಲ, ಆ ಏರಿಳಿತವನ್ನೇ ಮಾದರಿಗೆ ಕೊಡಿ. ಒಂದೇ ಓಟ ನೋಡಿ ತೀರ್ಮಾನಿಸಬೇಡಿ, ನೂರಾರು ಸಲ ಓಡಿಸಿ.

ಘಟಕ ಶುರುವಾದ ಮೇಲೆ ಮೊದಲ ತಿಂಗಳ ರಿಜಿಸ್ಟರನ್ನು ಮಾದರಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ತಾಳೆಯಾಗದಿದ್ದರೆ ಮಾದರಿಯನ್ನು ತಿದ್ದಿ. ಆಮೇಲೆ ದೀಪಾವಳಿಯ ದೊಡ್ಡ ಆರ್ಡರ್ ಒಪ್ಪುವ ಮೊದಲು, ಓವರ್‌ಟೈಮ್ ಕೊಡುವ ಮೊದಲು ಅದರಲ್ಲೇ ಓಡಿಸಿ ನೋಡಬಹುದು. ಆದ್ದರಿಂದ ಸಲಹೆಗಾರರಿಂದ ಬಣ್ಣದ ವರದಿಯ ಜೊತೆ ಮಾದರಿಯ ಮೂಲ ಕಡತವನ್ನೂ ಕೇಳಿ ಪಡೆಯಿರಿ, ಒಪ್ಪಂದದಲ್ಲೇ ಬರೆಸಿ. ಜಾಮ್‌ಸಿಮ್ ಎಂಬ ಸಿಮ್ಯುಲೇಷನ್ ತಂತ್ರಾಂಶ ಉಚಿತ. ಮನೆಯಲ್ಲಿ ಪೈಥಾನ್ ಬಲ್ಲ ಮಕ್ಕಳಿದ್ದರೆ ಸಿಮ್‌ಪೈ ಎಂಬ ಪೈಥಾನ್ ಲೈಬ್ರರಿ ಕೂಡ ಸಾಕು.